ಸಂಬಂಧ: ಏನಂತ ಬರೆಯೋದು?

ರಾತ್ರಿ ಎರಡು ಗಂಟೆ ದಾಟಿತ್ತು. ಐಸಿಯು ಹೊರಗಿನ ಕೌಂಟರಿನಲ್ಲಿದ್ದ ಹುಡುಗಿ ಒಂದು ಫಾರಂ ಮುಂದಿಟ್ಟಳು. ಅಪ್ಪನಿಗೆ ವೆಂಟಿಲೇಟರ್ ಹಾಕಬೇಕು, ಮನೆಯವರ ಸಹಿ ಬೇಕು. ಅಣ್ಣ ವೈಟ್‌ಫೀಲ್ಡ್‌ನಿಂದ ಹೊರಟು ಇನ್ನೂ ದಾರಿಯಲ್ಲಿದ್ದ. ನನ್ನ ಪಕ್ಕದಲ್ಲಿ ಅವರು ನಿಂತಿದ್ದರು. ಸೀರೆಯ ಮೇಲೆ ಅಪ್ಪನ ಸ್ವೆಟರ್. ಆಂಬುಲೆನ್ಸ್ ಬಂದಾಗ ಕೈಗೆ ಸಿಕ್ಕಿದ್ದು ಅದೇ ಇರಬೇಕು. ಕನ್ನಡಕ ಮನೆಯಲ್ಲೇ ಉಳಿದಿತ್ತು.

“ನೀನೇ ತುಂಬಿಸಮ್ಮ, ನಾನು ಸೈನ್ ಹಾಕ್ತೀನಿ” ಅಂದರು.

ಹೆಸರು, ವಯಸ್ಸು, ವಿಳಾಸ ಬರೆದೆ. ಆಮೇಲೆ ‘ರೋಗಿಗೆ ಏನಾಗಬೇಕು’ ಅನ್ನುವ ಕಾಲಂ ಬಂತು. ಹತ್ತು ವರ್ಷದಿಂದ ನಾನು ಬಾಯಲ್ಲಿ ಹೇಳದೆ ತಪ್ಪಿಸಿಕೊಂಡು ಬಂದಿದ್ದ ಮಾತು ಅದು. ಆ ಹೊತ್ತಿನಲ್ಲಿ ಯೋಚನೆ ಮಾಡೋಕೆ ಪುರುಸೊತ್ತಾದರೂ ಎಲ್ಲಿತ್ತು? ‘ಹೆಂಡತಿ’ ಅಂತ ಬರೆದೆ. ನಾನು ಬೆರಳಿಟ್ಟು ತೋರಿಸಿದ ಕಡೆ ಅವರು ಸಹಿ ಹಾಕಿದರು.

ಇದು 2022ರ ಜುಲೈ. ಮೂರನೇ ದಿನ ಅಪ್ಪ ಹೋದರು. ಅಕ್ಟೋಬರ್‌ನಲ್ಲಿ ಒಬ್ಬ ನೋಟರಿಯ ಮುಂದೆ ಕೂತು ಇನ್ನೊಂದು ಕಾಗದಕ್ಕೆ ನಾನು ಸಹಿ ಹಾಕಿದೆ. ವಂಶವೃಕ್ಷಕ್ಕೆ ಕೊಡುವ ಅಫಿಡವಿಟ್ಟು. ‘ಮೃತರಿಗೆ ಒಬ್ಬ ಮಗ, ಒಬ್ಬಳು ಮಗಳು ಇದ್ದು, ಇವರ ಹೊರತು ಬೇರೆ ವಾರಸುದಾರರು ಇರುವುದಿಲ್ಲ’ ಅಂತ ಅದರಲ್ಲಿತ್ತು.

ಸಹಿ ಬೇಕಾದಾಗ ಅವರು ಹೆಂಡತಿ. ಪಾಲು ಕೊಡಬೇಕಾದಾಗ ಯಾರೂ ಅಲ್ಲ. ಎರಡನ್ನೂ ಮಾಡಿದ್ದು ನಾನೇ. ಇದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ಈಗೀಗ ಇಂಥ ಮನೆಗಳು ನನ್ನ ಸುತ್ತ ಜಾಸ್ತಿ ಕಾಣುತ್ತಿವೆ. ಅಪ್ಪನೋ ಅಮ್ಮನೋ ಅರವತ್ತು ದಾಟಿದ ಮೇಲೆ ಒಂದು ಜೊತೆ ಕಂಡುಕೊಂಡಿರುತ್ತಾರೆ. ಮಕ್ಕಳು ಬೇಡ ಅಂದಿರುವುದಿಲ್ಲ, ಹೂಂ ಅಂದೂ ಇರುವುದಿಲ್ಲ. ಯಾರೂ ಬಾಯಿ ಬಿಡದೆ ವರ್ಷಗಳು ಹೋಗುತ್ತವೆ. ಆಮೇಲೆ ಒಂದು ಸಾವು. ಅದರ ಹಿಂದೆಯೇ ವಕೀಲರ ನೋಟೀಸು.

ನಮ್ಮಪ್ಪ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದವರು. ವಿದ್ಯಾರಣ್ಯಪುರದಲ್ಲಿ 30x40 ಸೈಟು ತೆಗೆದುಕೊಂಡಾಗ ನಾನು ಒಂದನೇ ಕ್ಲಾಸು. ದುಡ್ಡು ಸಾಲದೆ ಅಮ್ಮ ತನ್ನ ಅವಲಕ್ಕಿ ಸರವನ್ನೂ ನಾಲ್ಕು ಬಳೆಗಳನ್ನೂ ಬಿಚ್ಚಿ ಕೊಟ್ಟಳು. ಈ ಕಥೆ ಕೇಳಿಕೊಂಡೇ ನಾವು ಬೆಳೆದದ್ದು. ಕ್ರಯಪತ್ರ ಮಾತ್ರ ಅಪ್ಪ ಒಬ್ಬರ ಹೆಸರಿಗೆ ಆಯಿತು. ಆಗ ಯಾರಿಗೂ ಅದು ತಪ್ಪು ಅಂತ ಅನ್ನಿಸಲಿಲ್ಲ. ಅಮ್ಮನಿಗೂ.

ಅಮ್ಮ 2008ರಲ್ಲಿ ಹೋದಳು. ನಾಲ್ಕು ವರ್ಷ ಅಪ್ಪ ಒಬ್ಬರೇ ಇದ್ದರು. ಒಂದು ದಿನ ಮಾಡಿದ ಸಾರನ್ನು ಎರಡು ದಿನ ಕಾಯಿಸಿಕೊಂಡು ಊಟ ಮಾಡುತ್ತಿದ್ದರು. ನಾವಿಬ್ಬರೂ ‘ಬಂದು ನಮ್ಮ ಜೊತೆ ಇರಿ’ ಅಂತ ಫೋನಿನಲ್ಲಿ ಹೇಳುತ್ತಿದ್ದೆವು. ಅವರು ಬರುವುದಿಲ್ಲ ಅಂತ ಗೊತ್ತಿದ್ದೇ ಹೇಳುತ್ತಿದ್ದೆವು. 2012ರಲ್ಲಿ ಒಂದು ಭಾನುವಾರ ಸಂಜೆ ಅಪ್ಪನ ಫೋನ್ ಬಂತು. “ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿದ್ವಿ. ಒಂದು ಕೆಲಸ ಮುಗೀತು.”

“ಏನ್ ಕೆಲಸ ಅಪ್ಪ?”

“ಬಂದಾಗ ಹೇಳ್ತೀನಿ.”

ಬಂದಾಗ ಹೇಳಲಿಲ್ಲ. ಹೋದಾಗ ನಾವೇ ನೋಡಿದೆವು. ಅಡುಗೆಮನೆಯಲ್ಲಿ ಅವರಿದ್ದರು. ಹಾಸನದ ಕಡೆಯವರು, ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್ ಆಗಿ ನಿವೃತ್ತರಾದವರು. ಗಂಡ 1994ರಲ್ಲೇ ತೀರಿಹೋಗಿದ್ದರು. ಮದುವೆಯಾದ ಮಗಳು ಒಬ್ಬಳು ಹಾಸನದಲ್ಲಿ. ನಮ್ಮ ಬೀದಿಯಲ್ಲಿದ್ದ ತಂಗಿಯ ಮನೆಗೆ ಬಂದು ಹೋಗುವಾಗ ಅಪ್ಪನ ಪರಿಚಯ ಆಗಿತ್ತಂತೆ. ಆಗ ಅಪ್ಪನಿಗೆ 66, ಅವರಿಗೆ 60.

ಅವರನ್ನು ಏನಂತ ಕರೆಯೋದು? ಚಿಕ್ಕಮ್ಮ ಅನ್ನಬಹುದಿತ್ತು. ಬಾಯಿ ಬರಲಿಲ್ಲ. ಆಂಟಿ ಅಂದರೆ ಹೊರಗಿನವರ ಹಾಗೆ. ನಮ್ಮ ಭಾಷೆಯಲ್ಲಿ ಒಂದು ಅನುಕೂಲ ಇದೆ, ‘ನೀವು’ ಅಂತ ಒಂದು ಮಾತು ಇಟ್ಟುಕೊಂಡರೆ ಯಾರನ್ನೂ ಏನೂ ಕರೆಯದೆ ಹತ್ತು ವರ್ಷ ದೂಡಬಹುದು. ನೀವು ಊಟ ಮಾಡಿದ್ರಾ, ನೀವು ಮಾತ್ರೆ ತಗೊಂಡ್ರಾ. ನಾನು ಹಾಗೇ ದೂಡಿದೆ. ಅಣ್ಣ ಅಷ್ಟೂ ಮಾಡಲಿಲ್ಲ. ಅವನು ಅಪ್ಪನ ಹತ್ತಿರ ಮಾತ್ರ ಮಾತಾಡುತ್ತಿದ್ದ.

ಅಪ್ಪ ಮದುವೆ ನೋಂದಣಿ ಮಾಡಿಸಲಿಲ್ಲ. ಈ ವಯಸ್ಸಲ್ಲಿ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಾಲು ನಿಂತರೆ ಯಾರಾದರೂ ಪರಿಚಯದವರು ನೋಡಿಯಾರು ಅನ್ನುವ ನಾಚಿಕೆ. ವಿಲ್ ಬರೆಯಲಿಲ್ಲ. ಬ್ಯಾಂಕಿನಲ್ಲಿ ನಾಮಿನಿ ಬದಲಾಯಿಸಲಿಲ್ಲ. ರೇಷನ್ ಕಾರ್ಡಿನಲ್ಲಿ ಅವರ ಹೆಸರು ಸೇರಿಸಲಿಲ್ಲ. ನಮಗೆ ಬಂದ ಕಷ್ಟವೆಲ್ಲ ಅಪ್ಪನ ಈ ನಾಚಿಕೆಯಿಂದ ಬಂದದ್ದು ಅಂತಲೇ ನಾನು ಇವತ್ತಿಗೂ ನಂಬಿದ್ದೇನೆ. ಅಪ್ಪನ ಮೇಲೆ ಎಷ್ಟು ಪ್ರೀತಿ ಇದೆಯೋ ಈ ವಿಷಯದಲ್ಲಿ ಅಷ್ಟೇ ಸಿಟ್ಟೂ ಇದೆ. ಆ ನಾಚಿಕೆಯನ್ನು ಸಾಕಿದ್ದರಲ್ಲಿ ನಮ್ಮ ಪಾಲೂ ಇದೆ. ಒಂದು ದಿನವಾದರೂ ‘ಅಪ್ಪ, ಒಳ್ಳೇದಾಯ್ತು ಬಿಡಿ’ ಅಂದಿದ್ದರೆ ಅವರು ಆ ಸಾಲಿನಲ್ಲಿ ನಿಲ್ಲುತ್ತಿದ್ದರೋ ಏನೋ.

ಹನ್ನೊಂದನೇ ದಿನದ ಕಾರ್ಯ. ಅಣ್ಣ ಮಣೆಯ ಮೇಲೆ ಕೂತಿದ್ದ. ಪುರೋಹಿತರು ತಲೆ ಎತ್ತಿ, “ಯಜಮಾನರ ಪತ್ನಿ ಎಲ್ಲಿದ್ದಾರೆ? ಕರೀರಿ” ಅಂದರು.

ನಮ್ಮ ಸೋದರಮಾವ, ಅಮ್ಮನ ಅಣ್ಣ, ಗೋಡೆಗೆ ಒರಗಿ ಕೂತಿದ್ದವರು ಗಟ್ಟಿಯಾಗಿ ಹೇಳಿದರು. “ಪತ್ನಿ ಹೋಗಿ ಹದಿನಾಲ್ಕು ವರ್ಷ ಆಯ್ತು ಸ್ವಾಮಿ.”

ಅವರು ಅಡುಗೆಮನೆಯ ಬಾಗಿಲಲ್ಲಿ ಹಿತ್ತಾಳೆ ಚೆಂಬು ಹಿಡಿದು ನಿಂತಿದ್ದರು. ಒಂದು ಹೆಜ್ಜೆ ಮುಂದೆ ಇಟ್ಟಿದ್ದರು ಕೂಡ. ಆ ಹೆಜ್ಜೆ ಹಿಂದಕ್ಕೆ ತೆಗೆದುಕೊಂಡಿದ್ದನ್ನು ನಾನು ನೋಡಿದೆ. ಚೆಂಬಿನಿಂದ ಸ್ವಲ್ಪ ನೀರು ಹೊಸ್ತಿಲ ಮೇಲೆ ಚೆಲ್ಲಿತು. ಅವರು ಸೆರಗಿನಿಂದ ಅದನ್ನು ಒರೆಸಿ ಒಳಗೆ ಹೋದರು. ಪುರೋಹಿತರು ಮುಂದಿನ ಮಂತ್ರ ಶುರು ಮಾಡಿದರು. ನಾನು ಏನೂ ಹೇಳಲಿಲ್ಲ.

ಅದಾದ ಮೇಲೆ ಮನೆಯ ಕಾಗದಪತ್ರ ಹುಡುಕಲು ನಾನೂ ಅಣ್ಣನೂ ಬೀರು ತೆಗೆದೆವು. ಕ್ರಯಪತ್ರ ಸಿಕ್ಕಿತು, ತೆರಿಗೆ ರಸೀದಿಗಳು ಸಿಕ್ಕವು. ಕೆಳಗಿನ ಖಾನೆಯಲ್ಲಿ ನೂರು ಪುಟದ ನೋಟ್‌ಬುಕ್ಕುಗಳು, ಒಂದರ ಮೇಲೊಂದು ಒಂಬತ್ತು. ಬೆನ್ನಿಗೆ ವರ್ಷ ಬರೆದು ಅಂಟಿಸಿತ್ತು. ತೆಗೆದರೆ ಅಪ್ಪನ ಶುಗರ್ ಲೆಕ್ಕ. ಟೀಚರಮ್ಮನ ದುಂಡು ಅಕ್ಷರ. ‘ಖಾಲಿ ಹೊಟ್ಟೆ 168. ನಿನ್ನೆ ಮದುವೆಮನೆಯಲ್ಲಿ ಹೋಳಿಗೆ ಎರಡು.’ ‘ಊಟದ ಮೇಲೆ 210. ಕೋಪದಲ್ಲಿದ್ದರು.’ ಒಂದು ದಿನವೂ ಬಿಟ್ಟಿರಲಿಲ್ಲ. 2017ರ ಪುಸ್ತಕದಲ್ಲಿ ಒಂದು ಸಾಲು: ‘ಮಗಳು ಬಂದಿದ್ದಳು. ಖುಷಿ. 142.’

ಅಣ್ಣ ಆ ಪುಸ್ತಕಗಳನ್ನು ಪಕ್ಕಕ್ಕೆ ಸರಿಸಿ ಎಫ್‌ಡಿ ಬಾಂಡುಗಳನ್ನು ತೆಗೆದ.

ಅಣ್ಣನ ಬಗ್ಗೆ ತಪ್ಪು ತಿಳಿಯಬೇಡಿ. ಅವನು ದುರಾಸೆಯ ಮನುಷ್ಯ ಅಲ್ಲ. ಫ್ಲಾಟಿನ ಸಾಲದ ಕಂತು, ಇಬ್ಬರು ಮಕ್ಕಳ ಕಾಲೇಜು ಫೀಸು, ಅದರ ಮೇಲೆ ಅಮ್ಮನ ನೆನಪು. ಅವನ ಮಾತು ಒಂದೇ ಆಗಿತ್ತು. “ಅಮ್ಮನ ಸರದಲ್ಲಿ ಬಂದ ಮನೆ ಇದು. ನಾಳೆ ಇವರಾದ ಮೇಲೆ ಹಾಸನದ ಮಗಳಿಗೆ ಹೋಗುತ್ತೆ. ಅಮ್ಮನ ಮನೆ, ಅಮ್ಮ ಮುಖಾನೇ ನೋಡದಿರೋರಿಗೆ. ಒಪ್ತೀಯಾ ನೀನು?” ನನಗೆ ಉತ್ತರ ಗೊತ್ತಾಗಲಿಲ್ಲ. ಎಫ್‌ಡಿಗೆ ಅವನೇ ನಾಮಿನಿ, ಹಾಗಾಗಿ ಆ ದುಡ್ಡು ತನ್ನದೇ ಅಂತ ಅವನು ತಿಳಿದಿದ್ದ. ನಾನೂ ಹಾಗೇ ತಿಳಿದಿದ್ದೆ.

ಅಫಿಡವಿಟ್ಟಿಗೆ ಸಹಿ ಹಾಕಿದ್ದು ಆ ದಿನಗಳಲ್ಲಿ. ಆದರೆ ವಂಶವೃಕ್ಷ ಅಷ್ಟು ಸುಲಭಕ್ಕೆ ಸಿಗಲಿಲ್ಲ. ಗ್ರಾಮ ಆಡಳಿತ ಅಧಿಕಾರಿ ಸ್ಥಳಕ್ಕೆ ಬಂದು ಅಕ್ಕಪಕ್ಕದವರನ್ನು ವಿಚಾರಿಸಿದಾಗ ಎದುರುಮನೆಯ ಅಜ್ಜ, “ಯಜಮಾನ್ತಿ ಒಳಗಡೆನೇ ಇದಾರಲ್ಲ, ಅವರನ್ನ ಕೇಳಿ” ಅಂದುಬಿಟ್ಟರು. ಅರ್ಜಿ ಅಲ್ಲಿಗೇ ನಿಂತಿತು. ಆಗಲೇ ಅಣ್ಣ ವಕೀಲರ ಹತ್ತಿರ ಹೋಗಿ ಅವರಿಗೊಂದು ನೋಟೀಸು ಕಳಿಸಿದ. ಇಬ್ಬರ ಹೆಸರಲ್ಲಿ ಹೋಗುತ್ತೆ ಅಂತ ನನಗೆ ಫೋನಿನಲ್ಲಿ ಹೇಳಿದ್ದ. ನಾನು ಹೂಂ ಅಂದಿದ್ದೆ. ಓದಿರಲಿಲ್ಲ.

ನಾಲ್ಕು ದಿನ ಬಿಟ್ಟು ಮಧ್ಯಾಹ್ನ ಅವರ ಫೋನ್ ಬಂತು.

“ರಿಜಿಸ್ಟರ್ ಪೋಸ್ಟಲ್ಲಿ ಒಂದು ಕಾಗದ ಬಂದಿದೆ ಕಣಮ್ಮ. ಇಂಗ್ಲಿಷಲ್ಲಿದೆ. ಅರ್ಧ ಅರ್ಥ ಆಗುತ್ತೆ, ಅರ್ಧ ಆಗಲ್ಲ. ಫೋಟೋ ಕಳಿಸ್ತೀನಿ, ಓದಿ ಹೇಳ್ತೀಯಾ?”

ಬೇರೆ ಯಾರನ್ನೂ ಕೇಳದೆ ನನ್ನನ್ನೇ ಕೇಳಿದರು. ಫೋಟೋ ಬಂತು. ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಎರಡನೇ ಪುಟದಲ್ಲಿ ನಿಂತುಬಿಟ್ಟೆ.

“ಯಾಕೆ ನಿಲ್ಲಿಸಿದೆ? ಓದು.”

‘ಮೃತರ ಆರೈಕೆಗಾಗಿ ಮನೆಯಲ್ಲಿ ಇರಿಸಿಕೊಂಡಿದ್ದ ಹೆಂಗಸು’ ಅಂತ ಇತ್ತು. ಓದಿದೆ. ಆ ಕಡೆ ಕುಕ್ಕರ್ ಕೂಗಿತು. ಅವರು ಎದ್ದುಹೋಗಿ ಒಲೆ ಆರಿಸಿ ಬಂದರು.

“ಕೊನೇಲಿ ಯಾರ ಹೆಸರಿದೆ?”

“ಅಣ್ಣಂದು. ... ನಂದೂ.”

“ಸರಿ. ಇಡ್ಲಾ?”

ಬೈದಿದ್ದರೆ ಚೆನ್ನಾಗಿತ್ತು. ನಾನು ಆ ದಿನ ಊಟ ಮಾಡಲಿಲ್ಲ. ಸಂಜೆ ಅಣ್ಣನಿಗೆ ಫೋನ್ ಮಾಡಿ, ನನ್ನ ಹೆಸರು ತೆಗೆಸು ಅಂದೆ. ವಂಶವೃಕ್ಷದ ಅರ್ಜಿಯಿಂದ ನನ್ನ ಅಫಿಡವಿಟ್ಟು ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಮರುದಿನವೇ ನಾಡಕಚೇರಿಗೆ ಬರೆದುಕೊಟ್ಟೆ. ಅಣ್ಣ ಎಂಟು ತಿಂಗಳು ನನ್ನ ಜೊತೆ ಮಾತು ಬಿಟ್ಟ.

ಮಲ್ಲೇಶ್ವರದಲ್ಲಿ ಒಬ್ಬ ಮಹಿಳಾ ವಕೀಲರ ಹತ್ತಿರ ಹೋದೆ. ನನ್ನ ಕೈಯಲ್ಲಿದ್ದ ಬೆಸ್ಕಾಂ ಬಿಲ್ಲಿನ ಹಿಂದೆ ಅವರು ಒಂದು ಗಿಡ ಬರೆದು ಲೆಕ್ಕ ಹೇಳಿದರು. ಸ್ವಂತ ದುಡಿಮೆಯ ಆಸ್ತಿ ಬಿಟ್ಟು, ವಿಲ್ ಬರೆಯದೆ ಹಿಂದೂ ಗಂಡಸು ತೀರಿಕೊಂಡರೆ 1956ರ ಉತ್ತರಾಧಿಕಾರ ಕಾಯ್ದೆ ಪ್ರಕಾರ ಮಕ್ಕಳು, ಹೆಂಡತಿ, ತಾಯಿ ಎಲ್ಲರಿಗೂ ಸಮ ಪಾಲು. ಅಜ್ಜಿ ಇಲ್ಲ. ಹಾಗಾಗಿ ಅಣ್ಣನಿಗೆ ಮೂರರಲ್ಲಿ ಒಂದು, ನನಗೆ ಒಂದು, ಅವರಿಗೆ ಒಂದು. ಮೊದಲನೇ ಹೆಂಡತಿ, ಎರಡನೇ ಹೆಂಡತಿ ಅನ್ನುವ ಭೇದ ಇಲ್ಲ. ಅಮ್ಮ ಹೋದ ಮೇಲೆ ಆದ ಮದುವೆ ಪೂರ್ತಿ ಮದುವೆಯೇ. ನೋಂದಣಿ ಆಗಿಲ್ಲ ಅಂದ ಮಾತ್ರಕ್ಕೆ ಬಿದ್ದುಹೋಗಲ್ಲ. ಆದರೆ ಮದುವೆ ಆಗಿತ್ತು ಅಂತ ತೋರಿಸಬೇಕು. ಗಂಡ ಹೆಂಡತಿ ಅಂತ ವರ್ಷಗಟ್ಟಲೆ ಒಂದೇ ಮನೆಯಲ್ಲಿ ಬಾಳಿದರೆ ಕೋರ್ಟು ಅದನ್ನೂ ಗಮನಿಸುತ್ತದೆ. “ಆಸ್ಪತ್ರೆ ಫಾರಂ ಏನಾದ್ರೂ ಇದ್ಯಾ?” ಅಂತ ಅವರು ಕೇಳಿದರು. ನನ್ನ ಮುಖ ಹೇಗಾಗಿರಬೇಕು, ನೀವೇ ಯೋಚಿಸಿ.

“ಸೈಟು ಅಮ್ಮನ ಹೆಸರಲ್ಲಿದ್ದಿದ್ರೆ?” ಅಂತ ಕೇಳಿದೆ. ಅವರು ಪಕ್ಕದಲ್ಲಿ ಇನ್ನೊಂದು ಗಿಡ ಬರೆದರು. ಆಗ 2008ರಲ್ಲೇ ಅಮ್ಮನ ಆಸ್ತಿ ಗಂಡ ಮತ್ತು ಇಬ್ಬರು ಮಕ್ಕಳಿಗೆ ಮೂರು ಪಾಲಾಗುತ್ತಿತ್ತು. ಅಪ್ಪನ ಆ ಒಂದು ಪಾಲು ಮಾತ್ರ 2022ರಲ್ಲಿ ಮತ್ತೆ ಮೂರಾಗುತ್ತಿತ್ತು. ಅಪ್ಪನ ಎರಡನೇ ಹೆಂಡತಿಗೆ ಬರುತ್ತಿದ್ದದ್ದು ಒಂಬತ್ತರಲ್ಲಿ ಒಂದು. ಒಡವೆ ಬಿಚ್ಚಿಕೊಟ್ಟ ಅಮ್ಮನ ಹೆಸರನ್ನು ಕ್ರಯಪತ್ರದಲ್ಲಿ ಬರೆಸದೆ ಹೋದದ್ದಕ್ಕೆ ಇಷ್ಟು ವ್ಯತ್ಯಾಸ. ಅಮ್ಮನಿಗೆ ಅನ್ಯಾಯ ಆಗಿದ್ದರೆ ಅದು ಆದದ್ದು ಸೈಟು ಕೊಂಡ ದಿನ. ಅದರ ಲೆಕ್ಕವನ್ನು ನಾವು ಇವರ ಮೇಲೆ ಬರೆಯುತ್ತಿದ್ದೆವು.

ಅಣ್ಣನ ಭಯ ಸುಳ್ಳಲ್ಲ ಅಂತಲೂ ವಕೀಲರು ಹೇಳಿದರು. ಬಂದ ಪಾಲು ಅವರ ಪೂರ್ತಿ ಸ್ವಂತದ್ದು. ವಿಲ್ ಇಲ್ಲದೆ ತೀರಿಕೊಂಡರೆ ಅದು ಹಾಸನದ ಮಗಳಿಗೇ ಹೋಗುತ್ತದೆ. ಸ್ವಂತ ಮಕ್ಕಳು ಇಲ್ಲದೆ ಇದ್ದಿದ್ದರೆ ಗಂಡನ ವಾರಸುದಾರರು ಅಂತ ನಮಗೆ ವಾಪಸ್ ಬರುತ್ತಿತ್ತು. ಇನ್ನು ನಾಮಿನಿ ಅಂದರೆ ದುಡ್ಡು ಇಸಿದುಕೊಳ್ಳುವವನು, ಅಷ್ಟೇ. ಒಡೆಯ ಅಲ್ಲ. ವಿಮೆಯ ವಿಷಯದಲ್ಲಿ 1984ರಲ್ಲೇ ಸುಪ್ರೀಂ ಕೋರ್ಟ್ ಹೀಗೆ ಹೇಳಿತ್ತು, ಷೇರುಗಳ ವಿಷಯದಲ್ಲೂ 2023ರ ಡಿಸೆಂಬರ್‌ನಲ್ಲಿ ಅದನ್ನೇ ಹೇಳಿತು. (2015ರ ತಿದ್ದುಪಡಿ ಆದ ಮೇಲೆ ವಿಮೆಯಲ್ಲಿ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳನ್ನು ನಾಮಿನಿ ಮಾಡಿದರೆ ಮಾತ್ರ ಬೇರೆ ನಿಯಮ.) 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರ ತನಕ ನಾಮಿನಿ ಹಾಕಬಹುದು. ಅಪ್ಪನಂಥವರು ಇದನ್ನಾದರೂ ಬಳಸಿಕೊಳ್ಳಲಿ.

ಮನೆ ಖಾಲಿ ಮಾಡಿಸುವ ಯೋಚನೆ ಯಾರಿಗಾದರೂ ಇದ್ದರೆ ಇದನ್ನೂ ತಿಳಿದಿರಬೇಕು. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ತಂದೆತಾಯಿ ಅನ್ನುವ ಪದಕ್ಕೆ ಮಲತಾಯಿ, ಮಲತಂದೆಯೂ ಸೇರುತ್ತಾರೆ. ಜೀವನಾಂಶ ಕೇಳಿ ಅವರು ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ವಕೀಲರು ಇದನ್ನು ಹೇಳಿದಾಗ ನನಗೆ ನಾಚಿಕೆಯಾಯಿತು. ನಾನು ಹತ್ತು ವರ್ಷ ಕೊಡದ ಹೆಸರನ್ನು ಕಾನೂನು ಆಗಲೇ ಕೊಟ್ಟು ಕೂತಿತ್ತು.

ಅಪ್ಪ ಮಾಡಬೇಕಾಗಿದ್ದದ್ದು ಎಷ್ಟು ಚಿಕ್ಕ ಕೆಲಸ ಅಂದರೆ, ಈಗಲೂ ಹೊಟ್ಟೆ ಉರಿಯುತ್ತದೆ. ವಿಲ್‌ಗೆ ಛಾಪಾ ಕಾಗದ ಬೇಡ. ಬಿಳಿ ಹಾಳೆ ಸಾಕು. ಬರೆದವರು ಸಹಿ ಹಾಕಬೇಕು, ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ‘ಇವಳು ಬದುಕಿರುವ ತನಕ ಈ ಮನೆಯಲ್ಲಿ ಇರಲಿ, ಆಮೇಲೆ ಮಕ್ಕಳಿಗೆ’ ಅಂತ ಬರೆಯಬಹುದಿತ್ತು. ಅದನ್ನು ತಿಳಿದವರ ಕೈಯಲ್ಲಿ ಬರೆಸಬೇಕು. ಜೀವನಾಂಶದ ಹಕ್ಕಿನ ಬದಲಿಗೆ ಕೊಟ್ಟದ್ದು ಅಂತ ಆದರೆ ಆ ಸೀಮಿತ ಹಕ್ಕು ಪೂರ್ತಿ ಹಕ್ಕೇ ಆಗಿಬಿಡುತ್ತದೆ, ಸುಪ್ರೀಂ ಕೋರ್ಟಿನಲ್ಲಿ 1977ರ ತುಳಸಮ್ಮ ಪ್ರಕರಣ ಆದದ್ದೇ ಅದರ ಮೇಲೆ. ಹೇಗೇ ಬರೆದಿದ್ದರೂ ಅಪ್ಪ ಬಾಯಿಬಿಟ್ಟು ಹೇಳಿದಂತೆ ಆಗುತ್ತಿತ್ತು. ಅಣ್ಣ ಅಪ್ಪನ ಮಾತು ಮೀರುವವನಲ್ಲ.

ಆಸ್ತಿಯ ವಿಷಯಕ್ಕೆ ನಮ್ಮ ನಾಡು ಹೊಸತೇನಲ್ಲ. ಕಲ್ಯಾಣದ ಚಾಳುಕ್ಯರ ಆಸ್ಥಾನದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಅನ್ನುವ ಧರ್ಮಶಾಸ್ತ್ರದ ಗ್ರಂಥ ಬರೆದು ಸುಮಾರು 900 ವರ್ಷ ಆಯಿತು. ದೇಶದ ಬಹುಪಾಲು ಹಿಂದೂಗಳ ಆಸ್ತಿ ಹಂಚಿಕೆ ಅದರ ಮೇಲೆ ನಡೆಯಿತು. ಗಂಡುಮಕ್ಕಳಿಲ್ಲದೆ, ಭಾಗವಾಗಿ ಬೇರೆ ಇದ್ದವನು ತೀರಿಕೊಂಡರೆ ಮೊದಲ ಹಕ್ಕು ಹೆಂಡತಿಯದು ಅಂತ ಅಲ್ಲೇ ಇದೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಕಾಯ್ದೆ ಮಾಡಿತ್ತು. ಇಷ್ಟೆಲ್ಲ ಇದ್ದೂ, ಎಂಬತ್ತೊಂಬತ್ತು ವರ್ಷ ಬಿಟ್ಟು ಅದೇ ಮೈಸೂರು ಸೀಮೆಯ ಒಂದು ಮನೆಯಲ್ಲಿ ಪುರೋಹಿತರು ಹೆಂಡತಿಯನ್ನು ಕರೆದಾಗ ನಾವು ಸುಮ್ನೆ ಕೂತಿದ್ದೆವು.

ಮದುವೆಯೇ ಆಗದೆ ಜೊತೆಗಿದ್ದವರ ಪಾಡು ಇನ್ನೂ ಕಷ್ಟ. ನನ್ನ ಗೆಳತಿಯೊಬ್ಬಳ ಅಮ್ಮ ರಾಜಾಜಿನಗರದಲ್ಲಿ ಒಬ್ಬರ ಜೊತೆ ಇದ್ದಾರೆ, ಇಬ್ಬರಿಗೂ ಎಪ್ಪತ್ತರ ಹತ್ತಿರ. ಪಿಂಚಣಿ ಹೋಗುತ್ತೆ ಅಂತ ಮದುವೆ ಬೇಡ ಅಂದಿದ್ದಾರೆ. ಉತ್ತರಾಧಿಕಾರ ಕಾಯ್ದೆಯಲ್ಲಿ ಅಂಥ ಜೊತೆಗಾರರಿಗೆ ಜಾಗ ಇಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮದುವೆಯಂಥ ಸಂಬಂಧದಲ್ಲಿರುವ ಹೆಂಗಸಿಗೆ ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕು ಕೊಡುತ್ತದೆ, ಆದರೆ ಇರುವ ಹಕ್ಕು ಬೇರೆ, ಪಾಲು ಬೇರೆ. ಮೊದಲನೇ ಹೆಂಡತಿ ಬದುಕಿರುವಾಗ ಆದ ಎರಡನೇ ಮದುವೆಗೂ ಹಾಗೇ, ಅವಳಿಗೆ ಪಾಲಿಲ್ಲ. ಮಕ್ಕಳಿಗೆ ಮಾತ್ರ ತಂದೆತಾಯಿಯ ಆಸ್ತಿಯಲ್ಲಿ ಹಕ್ಕಿದೆ ಅಂತ 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರೇವಣಸಿದ್ದಪ್ಪ ಪ್ರಕರಣದಲ್ಲಿ ಹೇಳಿತು. ನಮ್ಮ ಕರ್ನಾಟಕದಿಂದಲೇ ಹೋದ ಕೇಸು ಅದು. ಗೆಳತಿಗೆ ನಾನು ಹೇಳಿದ್ದು ಇಷ್ಟೇ: ಇಬ್ಬರ ಕೈಲೂ ಈ ವಾರವೇ ವಿಲ್ ಬರೆಸು. ಬರೆಸಿದಳು.

ನನ್ನ ಹೆಸರು ತೆಗೆಸಿದ ಮೇಲೆ ನಾನು ವಿದ್ಯಾರಣ್ಯಪುರಕ್ಕೆ ಹೋದೆ. ಕಾಫಿ ಕೊಟ್ಟರು. ದೇವರ ಗೂಡಿನ ಪಕ್ಕದಲ್ಲಿ ಅಮ್ಮನ ಫೋಟೋ, ಅದರ ಪಕ್ಕದಲ್ಲಿ ಈಗ ಅಪ್ಪನದು. ಎರಡಕ್ಕೂ ದಾಸವಾಳ. ನಾನು ತಪ್ಪಾಯಿತು ಅಂದೆ. ಆಮೇಲೆ, ನಿಮಗೇನು ಬೇಕು ಹೇಳಿ ಅಂದೆ. ‘ನನಗೇನೂ ಬೇಡಮ್ಮ’ ಅನ್ನುತ್ತಾರೆ ಅಂತ ನನಗೆ ಒಳಗೊಳಗೆ ಆಸೆ ಇತ್ತು.

“ನನ್ನ ಪಾಲು ಬೇಕು” ಅಂದರು.

ನನಗೆ ಚುರುಕ್ ಅಂತು. ಅವರೇ ಮುಂದುವರಿಸಿದರು. ಮೊದಲನೇ ಗಂಡನ ಊರಿನಲ್ಲಿ ಎರಡು ಎಕರೆ ಹೊಲ, ಅರ್ಧ ಮನೆ ಇತ್ತಂತೆ. 2012ರಲ್ಲಿ ಮತ್ತೆ ಮದುವೆ ಆದ ಸುದ್ದಿ ಹೋದಾಗ ಮೈದುನಂದಿರು, ಮರುಮದುವೆ ಆದವಳಿಗೆ ಹಕ್ಕಿಲ್ಲ ಅಂತ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರಂತೆ. “ನಾನೂ ನಾಚಿಕೆಗೆ ಹಾಕಿಬಿಟ್ಟೆ. ಕೇಳಿದ್ರೆ ಜನ ಏನಂತಾರೆ ಅಂತ. ಒಂದ್ಸಲ ಬಿಟ್ಟೆ. ಇನ್ನೊಂದ್ಸಲ ಬಿಡಲ್ಲ.”

ಮೈದುನಂದಿರು ಹೇಳಿದ್ದು ಸತ್ತ ಕಾನೂನು. ಮರುಮದುವೆಯಾದ ವಿಧವೆ ಮೊದಲ ಗಂಡನ ಆಸ್ತಿ ಕಳೆದುಕೊಳ್ಳುತ್ತಾಳೆ ಅಂತ 1856ರ ವಿಧವಾ ಪುನರ್ವಿವಾಹ ಕಾಯ್ದೆಯಲ್ಲಿತ್ತು. ಮದುವೆಗೆ ಒಂದು ಕೈಯಲ್ಲಿ ಅನುಮತಿ ಕೊಟ್ಟು ಇನ್ನೊಂದು ಕೈಯಲ್ಲಿ ಹೊಲ ಕಿತ್ತುಕೊಂಡ ಕಾಯ್ದೆ. 1956ರ ನಂತರ ಗಂಡ ಸತ್ತ ದಿನವೇ ಪಾಲು ಹೆಂಡತಿಯ ಸ್ವಂತದ್ದು, ಆಮೇಲೆ ಅವಳು ಮದುವೆಯಾದರೂ ಹೋಗಲ್ಲ. ಹಳೆಯ ಕಾಯ್ದೆಯನ್ನೇ 1983ರಲ್ಲಿ ರದ್ದು ಮಾಡಿದರು. ಅವರ ಗಂಡ ತೀರಿಕೊಂಡದ್ದು 1994ರಲ್ಲಿ. ಹಳ್ಳಿಗಳಲ್ಲಿ ಇನ್ನೂ ಆ ಕಾಯ್ದೆಯ ಹೆಸರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತಿದ್ದಾರೆ. ಎಷ್ಟು ಹೆಂಗಸರು ಹೀಗೆ ನಾಚಿಕೆಗೆ ಸಹಿ ಹಾಕಿದ್ದಾರೋ.

ಆ ದಿನ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ “ಬರ್ತೀನಿ ಚಿಕ್ಕಮ್ಮ” ಅಂದೆ. ತಾನಾಗಿ ಬಂತು. ಅವರು “ಹೂಂ, ಹುಷಾರು” ಅಂದರು, ಯಾವಾಗಲೂ ಹಾಗೇ ಕರೆಯುತ್ತಿದ್ದೇನೋ ಅನ್ನುವ ಹಾಗೆ.

ಅಣ್ಣ ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದ. ಚಿಕ್ಕಮ್ಮ 1ನೇ ಪ್ರತಿವಾದಿ, ನಾನು 2ನೇ ಪ್ರತಿವಾದಿ. ನನ್ನ ಹೇಳಿಕೆಯ ಜೊತೆ ಆಸ್ಪತ್ರೆಯ ಆ ಫಾರಂನ ನಕಲು ಇಟ್ಟೆ. ಒಂದಷ್ಟು ತಾರೀಕುಗಳಾದ ಮೇಲೆ ಕೋರ್ಟು ನಮ್ಮನ್ನು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿತು. ಹೈಕೋರ್ಟು 2007ರಲ್ಲಿ ಶುರು ಮಾಡಿದ ಕೇಂದ್ರ. ಅಲ್ಲಿ ಆಡಿದ ಮಾತನ್ನು ಆಮೇಲೆ ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ. ಒಂದು ಮೇಜು, ನಾಲ್ಕು ಕುರ್ಚಿ, ನೀರಿನ ಬಾಟಲಿ.

ಮೂರನೇ ಸಲ ಕೂತಾಗ ಅಣ್ಣನ ಕಟ್ಟೆ ಒಡೆಯಿತು. ಮಧ್ಯಸ್ಥಗಾರರು ಏನೋ ಬೆಲೆ ಕೇಳುತ್ತಿದ್ದರು. ಇವನು ಮೇಜಿಗೆ ಕೈ ಹಾಕಿ, “ಇದು ನಮ್ಮಮ್ಮನ ಒಡವೆ ಸಾರ್. ಅವಲಕ್ಕಿ ಸರ, ನಾಲ್ಕು ಬಳೆ. ಅದು ಇವರಿಗೇನು ಗೊತ್ತು?” ಅಂದ. ಗಂಟಲು ಕಟ್ಟಿತ್ತು.

ಚಿಕ್ಕಮ್ಮ ಅಲ್ಲಿಯ ತನಕ ಅವನನ್ನು ನೇರ ನೋಡಿ ಮಾತಾಡಿರಲಿಲ್ಲ.

“ನಾಲ್ಕಲ್ಲಪ್ಪ, ಆರು” ಅಂದರು. “ಎರಡು ಬಳೆ ನಿನ್ನ ಕಾಲು ಮುರಿದಾಗ ಆಸ್ಪತ್ರೆಗೆ ಅಂತ ಮೊದಲೇ ಅಡ ಇಟ್ಟಿದ್ರು. ಅವನ್ನೂ ಬಿಡಿಸಿ ಮಾರಿದ್ದು. ನಿಮ್ಮಪ್ಪ ಪ್ರತಿ ಯುಗಾದಿಗೆ ಹೇಳೋರು. ಹೇಳ್ತಾ ಹೇಳ್ತಾ ಅಳೋರು. ನಾನೇ ಕಣ್ಣು ಒರೆಸ್ತಿದ್ದೆ.”

ಅಣ್ಣ ಕಿಟಕಿ ಕಡೆ ತಿರುಗಿ ಬಹಳ ಹೊತ್ತು ಕೂತ. ಮಧ್ಯಸ್ಥಗಾರರು ಗಡಿಯಾರ ನೋಡಲಿಲ್ಲ, ಅವರಿಗೆ ನನ್ನ ನಮಸ್ಕಾರ. ಆ ದಿನ ಬೇರೇನೂ ಮಾತಾಗಲಿಲ್ಲ. ಮುಂದಿನ ಸಲ ಎಲ್ಲವೂ ಅರ್ಧ ಗಂಟೆಯಲ್ಲಿ ಮುಗಿಯಿತು. ಮನೆ ಮಾರುವುದು ಬೇಡ. ಎಫ್‌ಡಿಯ ದುಡ್ಡು ಚಿಕ್ಕಮ್ಮನಿಗೆ. ಪಾಲಿನ ಬಾಕಿ ಮೊತ್ತವನ್ನು ಅಣ್ಣ, ನಾನು ಎರಡು ಕಂತಿನಲ್ಲಿ ಕೊಡುವುದು, ಅವರು ಹಕ್ಕು ಬಿಡುಗಡೆ ಪತ್ರ ಬರೆದುಕೊಡುವುದು. ಅವರು ಹಾಸನಕ್ಕೆ ಮಗಳ ಹತ್ತಿರ ಹೋಗುತ್ತೇನೆ ಅಂದರು. ಅಪ್ಪ ಇಲ್ಲದ ಮನೆಯಲ್ಲಿ ಇರುವುದಕ್ಕೆ ಮನಸ್ಸಿಲ್ಲ ಅಂದರು. ಒಂದೇ ಒಂದು ಷರತ್ತು ಹಾಕಿದರು. “ಪತ್ರ ಕನ್ನಡದಲ್ಲಿ ಇರ್ಬೇಕು. ನಾನೇ ಓದ್ಬೇಕು.”

ಖಾತಾ ಇನ್ನೂ ಅಪ್ಪನ ಹೆಸರಿನಲ್ಲಿತ್ತು. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಇಲ್ಲ. ಹೊಸ ವಂಶವೃಕ್ಷ ಮಾಡಿಸಿ, ಮೂವರ ಹೆಸರೂ ಸೇರಿಸಿ, ಇ-ಖಾತಾ ಆಗುವಷ್ಟರಲ್ಲಿ ತಿಂಗಳುಗಳು ಹೋದವು.

2025ರಲ್ಲಿ ಒಂದು ಬೆಳಿಗ್ಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಅಣ್ಣನೇ ಚಿಕ್ಕಮ್ಮನನ್ನು ಕಾರಿನಲ್ಲಿ ಕರೆದುಕೊಂಡು ಬಂದ. ಪತ್ರ ಬರಹಗಾರರು ಹಾಳೆಗಳನ್ನು ಕೊಟ್ಟು, ಪ್ರತಿ ಪುಟದ ಕೆಳಗೆ ಸಹಿ ಹಾಕಿ ಅಂದರು. ಚಿಕ್ಕಮ್ಮ ಬ್ಯಾಗಿನಿಂದ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಹಾಕಿಕೊಂಡು ಮೊದಲನೇ ಪುಟದಿಂದ ಓದತೊಡಗಿದರು. ಹಿಂದೆ ಜನ ಕಾಯುತ್ತಿದ್ದರು. ಅವರು ಬೆರಳಿಟ್ಟುಕೊಂಡು ಒಂದೊಂದೇ ಸಾಲು ಓದಿದರು. ಎರಡನೇ ಪುಟದ ಮೇಲ್ಭಾಗದಲ್ಲಿ ಬೆರಳು ನಿಂತಿತು.

“ಸ್ವಾಮಿ, ಇಲ್ಲಿ ತಪ್ಪಿದೆ.”

ಬರಹಗಾರರು ಬಗ್ಗಿ ನೋಡಿದರು. ‘ದಿವಂಗತರ ಪತಿಯಾದ’ ಅಂತ ಟೈಪಾಗಿ, ಮುಂದೆ ಅವರ ಹೆಸರಿತ್ತು.

“ಪತಿ ಅಲ್ಲ, ಪತ್ನಿ. ನ ಒತ್ತು ಬಿಟ್ಟುಹೋಗಿದೆ.”

“ಅಯ್ಯೋ, ಪೆನ್ನಲ್ಲೇ ತಿದ್ದಿಬಿಡ್ತೀನಿ ಬಿಡಿ ಅಮ್ಮ, ಏನಾಗಲ್ಲ.”

“ಬೇಡ. ಹೊಸದಾಗಿ ಪ್ರಿಂಟ್ ತೆಗೀರಿ. ನಾನು ಕಾಯ್ತೀನಿ.”

ಬರಹಗಾರರು ಅಣ್ಣನ ಮುಖ ನೋಡಿದರು. ಅಣ್ಣ ಜೇಬಿಗೆ ಕೈ ಹಾಕಿ, “ಎಷ್ಟಾಗುತ್ತೆ ಹೇಳಿ, ತೆಗೀರಿ” ಅಂದ. ಆಮೇಲೆ ಪಕ್ಕದ ಅಂಗಡಿಯಿಂದ ಅವರಿಗೆ ಕುರ್ಚಿ ತಂದು ಹಾಕಿದ. ಇಪ್ಪತ್ತು ನಿಮಿಷ ಮೂವರೂ ಹೊಂಗೆ ಮರದ ಕೆಳಗೆ ಕಾದೆವು.